ಕೈಪೋನ ಬಕೆಟ್ಟು

ಆ ನಡುಗಡ್ಡೆಗೆ ಕಾಲಿಡುವುದು ದುಬಾರಿ. ಅಂಟಿದ ಹುಳುಹುಪ್ಪಟೆ ಸಾಯಲೆಂದು ಬೂಟು ಎರಡು ದಿನ ಫ್ರೀಜರಿನಲ್ಲಿರಬೇಕು. ಚೀಲ ಬುಡಮೇಲಾಗಬೇಕು. ಬುತ್ತಿ ದಡದಲ್ಲೇ ಉಳಿಯಬೇಕು. ಇದನ್ನೆಲ್ಲ ವಸೂಲು ಮಾಡುವವಳು ಕಾವಲಿನ ಹೋಕುಲಾನಿ. ಹವಾಯಿಯ ಆ ಕರಾವಳಿಗೆಲ್ಲ ಅವಳು ಆಂಟಿ.

ಒಣಕಡ್ಡಿಯ ಪೊಳ್ಳಿನಲ್ಲಿ ಗೂಡು ಕಟ್ಟುವ ಹಳದಿ ಮೊಗದ ಪುಟ್ಟ ಜೇನುನೊಣಗಳು ಉಳಿದಿದ್ದುದು ಅಲ್ಲಿನ ಪೊದೆಗಳಲ್ಲಿ ಮಾತ್ರ. ಹಿಂದೆಂದೋ ಹಡಗಿನಲ್ಲಿ ಬಂದಿಳಿದ ಇರುವೆಗಳು ಊರಿನ ಗೂಡುಗಳನ್ನೆಲ್ಲ ತಿಂದು ಮುಗಿಸಿದ್ದವು. ಈಗ ಅವು ನಡುಗಡ್ಡೆಗೂ ದಾಟಿದ್ದವು.

“ನಿನ್ನ ಅನ್ನದುಂಡೆಯಿಂದಲೇ ಕಣೋ!” ಮೀನುಗಾರ ಕೈಪೋನ ಅಂಗಿ ಹಿಡಿದಳು ಹೋಕುಲಾನಿ. ಹೋದ ಬೇಸಿಗೆಯಲ್ಲಿ ಅವನ ಜೇಬಿನಲ್ಲಿ ಅಂಥದೊಂದು ಉಂಡೆ ಸಿಕ್ಕಿತ್ತು.

“ಅದು ಕಡಲು ದಾಟ್ಲೇ ಇಲ್ವಲ್ಲ ಆಂಟಿ. ಇಲ್ಲೇ ಕಿತ್ಕೊಂಡು ನೀವೇ ತಿಂದ್ರಿ.”

“ಬಾಯಿ ಮುಚ್ಚು. ಇನ್ನು ಆ ಕಡೆ ತಲೆ ಹಾಕಿದ್ರೆ ನೋಡು!”

ಕೈಪೋ ಅಂಗಿ ಬಿಡಿಸಿಕೊಂಡ. “ಆಯ್ತು. ನನ್ನದೇ ತಪ್ಪು ಅಂತ ಇಟ್ಕೊಳ್ಳಿ.”

ಎಂದಿನಂತೆ ಭಾನುವಾರ ಹೋಕುಲಾನಿ ಒಬ್ಬಳೇ ಹುಟ್ಟು ಹಾಕಿಕೊಂಡು ನಡುಗಡ್ಡೆಗೆ ಹೋದಳು. ಅವಳ ಗಂಡ ಮುಳುಗಿದ್ದು ಅಲ್ಲೇ. ಹಿತ್ತಲ ದೇವಕಣಗಿಲೆಯ ಹಾರವನ್ನು ಕೊರಳಿನಿಂದ ತೆಗೆದು ಅವನ ಹೆಸರಿನ ಕಲ್ಲಿಗೆ ತೊಡಿಸಿದಳು. ಅಲ್ಲಿನ ರೂಢಿಯಲ್ಲಿ ಪ್ರೀತಿಯ ಹಾರವನ್ನು ಕಸಕ್ಕೆ ಎಸೆಯುವಂತಿಲ್ಲ. ಅದು ಮಣ್ಣಿಗೇ ಮರಳಬೇಕು. ಹಿಂದಿನ ವಾರದ ಹಾರ ಕಲ್ಲಿನ ಮೇಲಿರಲಿಲ್ಲ. ಕೆಲವು ವಾರಗಳಿಂದ ಹೀಗೇ. ‘ಅಂತೂ ತಗೊಂಡೆಯಲ್ಲ ಮಾರಾಯ’ ಎಂದು ಅವಳು ಕಲ್ಲು ಸವರಿದಳು.

ಅಂದು ನೇರ ಮನೆಗೆ ಮರಳದೆ ಪೊದೆಗಳತ್ತ ನಡೆದಳು. ಒಣಕಡ್ಡಿ ಮುರಿದಳು. ಗೂಡು ಖಾಲಿ. ಇನ್ನೊಂದು. ಅದೂ ಖಾಲಿ. ಕೊನೆಯದರೊಳಗೆ ಇರುವೆ ಕಿಕ್ಕಿರಿದಿತ್ತು.

ತಲೆಯೆತ್ತಿದರೆ ಬಂಡೆಯ ಮರೆಯಲ್ಲಿ ಕೈಪೋನ ದೋಣಿ. ಮುಚ್ಚಿದ ಬಕೆಟ್ಟು ಹಿಡಿದು ಅವನು ದೋಣಿಯತ್ತ ಓಡುತ್ತಿದ್ದ.

“ನಿಲ್ಲೋ ಕಳ್ಳ! ಏನು ತಂದು ಸುರಿದೆ ಇವತ್ತು?”

“ಸುರೀಲಿಲ್ಲ ಆಂಟಿ. ಮುಚ್ಚಳ ತೆಗೀಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಅವಳು ಕಿತ್ತು ತೆಗೆದಳು.

ಒಳಗೆ ಸೋಪಿನ ನೀರು. ಅದರಲ್ಲಿ ಅವಳು ಆಗಷ್ಟೇ ತೊಡಿಸಿದ ಹಾರ. ಒಂದೊಂದು ಹೂವಿನ ಬುಡದಿಂದಲೂ ಇರುವೆಗಳು ತೇಲಿ ಮೇಲೆ ಬರುತ್ತಿದ್ದವು.

“ನಂಗೂ ತಡವಾಗಿ ಗೊತ್ತಾಯ್ತು,” ಎಂದ ಕೈಪೋ. “ಅಂಕಲ್‌ಗೆ ಹಾರ ಹಾಕ್ಬೇಡಿ ಅಂತ ನಿಮಗೆ ಹೇಗೆ ಹೇಳ್ಲಿ?”

ಊರಿನವರ ಜೇಬನ್ನೆಲ್ಲ ಜಾಲಾಡಿದವಳು ತನ್ನ ಕೊರಳನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಜೇನುನೊಣ ಒಂದೂ ಉಳಿದಿರಲಿಲ್ಲ.