ರೋಡಿಗೋ, ರೇಸಿಗೋ

"ಮೆತ್ತಗಿದ್ದದ್ದು ರೋಡಿಗೆ, ಬಿರುಸಿದ್ದದ್ದು ರೇಸಿಗೆ. ಎರಡರಾಗ ಒಂದು ಇಟ್ಗೋ. ಇನ್ನೊಂದು ಸಂಜಿ ಬಸ್ಸಿಗೆ ಹೈದರಾಬಾದಿಗೆ ವಾಪಸ್," ಎಂದು ಭಾನುಪ್ರಕಾಶ ಎರಡು ಪೆಟ್ಟಿಗೆಗಳನ್ನು ಕಾಲಿನಿಂದ ಮುಂದೆ ನೂಕಿದ. ಒಂದರಲ್ಲಿ ಕಾರಿನ ಚಕ್ರಗಳಿಗೆ ಹಾಕುವ ಮೆತ್ತನೆಯ ನೀಲಿ ಸ್ಪ್ರಿಂಗುಗಳು, ಇನ್ನೊಂದರಲ್ಲಿ ಬಿರುಸಾದ ಕೆಂಪು. ಮಕ್ತಲ್‌ನ ಅವನ ಗ್ಯಾರೇಜಿನಲ್ಲಿ ಕಾಂತೇಶನ ಹಳೆಯ ಕಾರು ಚಕ್ರ ಕಳಚಿಕೊಂಡು ಜಾಕಿನ ಮೇಲೆ ನಿಂತಿತ್ತು.

ಕಾಂತೇಶನ ಕಣ್ಣು ಕೆಂಪಿನ ಮೇಲಿತ್ತು. ಮುಂದಿನ ವಾರ ಹೈದರಾಬಾದಿನ ಹೊರಗೊಂದು ರೇಸ್ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದಿತ್ತು. ಅವನೂ ಹೆಸರು ಕೊಟ್ಟಿದ್ದ. ಆದರೆ ಬಾಗಿಲ ಬಳಿ ಕುರ್ಚಿಯ ಮೇಲೆ ಅವನ ತಾಯಿ ಗುರಮ್ಮ ನಿಂಬೆಹಣ್ಣು ಮೂಸುತ್ತ ಕೂತಿದ್ದಳು. ಅಲಂಪುರದಲ್ಲಿ ಅವಳ ಅಕ್ಕ ಸಂಗಮ್ಮ ಹಾಸಿಗೆ ಹಿಡಿದಿದ್ದಳು, ತಂಗಿಯನ್ನು ಒಮ್ಮೆ ನೋಡಬೇಕೆಂದು ಬೆಳಿಗ್ಗೆ ಫೋನಿನಲ್ಲಿ ಅತ್ತಿದ್ದಳು. ಗುರಮ್ಮನಿಗೋ ಕಾರು ಹತ್ತಿದರೆ ವಾಂತಿ, ಬಸ್ಸು ಹತ್ತಿದರೂ ವಾಂತಿ. ಅಕ್ಕನ ಮೊಮ್ಮಕ್ಕಳ ಮದುವೆಗಳಿಗೂ ಹೋಗದೆ ಉಳಿದವಳು ಅವಳು.

"ನಿನ್ನ ಹೊಟ್ಟೀನ ಖೊಟ್ಟಿ ಐತಿ ನೋಡಬೇ," ಎಂದು ಕಾಂತೇಶ ಎಂದಿನಂತೆ ಗದರಿದ. "ಊರಮಂದಿ ಎಲ್ಲಾ ಕಾರಿನ್ಯಾಗ ಅಡ್ಡಾಡ್ತಾರ. ನಿನಗೊಬ್ಬಾಕಿಗೆ ಏನಾಗ್ತೈತಿ?"

"ನನ್ನ ಯಾಕ ಕೇಳ್ತಿ? ಹೊಟ್ಟೀನ ಕೇಳು."

ಭಾನುಪ್ರಕಾಶ ನಕ್ಕ. "ನೀಲಿ ಹಾಕೂಣು ಬಿಡೋ. ಹತ್ತಿ ಗಾದಿ ಮ್ಯಾಲ ಕುಂತಂಗ ಇರ್ತೈತಿ. ಗುರಮ್ಮತ್ತಿ ಅಲಂಪುರದ ತನಕ ಗೊರಕಿ ಹೊಡೀತಾಳ."

ಕಾಂತೇಶ ಕೆಂಪು ಪೆಟ್ಟಿಗೆಯನ್ನು ಮೂಲೆಗೆ ಒದ್ದ. "ಹಾಕು. ರೇಸ್ ಹಾಳಾಗಿ ಹೋಗಲಿ."

ನೀಲಿ ಹಾಕಿದ ಮೇಲೆ ತಾಯಿಯನ್ನು ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಒಂದು ಸುತ್ತು ಹೊರಟ. ಗುಂಡಿಗಳು ಇದ್ದಲ್ಲೇ ಇದ್ದವು, ಕಾರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಉಬ್ಬು ಬಂದರೆ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಕೂರುತ್ತಿತ್ತು, ಕೂತದ್ದು ಮತ್ತೊಮ್ಮೆ ಏಳುತ್ತಿತ್ತು. ಕಾಂತೇಶನಿಗೇ ಖುಷಿಯಾಯಿತು. ವಾಪಸ್ ತಿರುಗುವಷ್ಟರಲ್ಲಿ ಗುರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೆಳಿಗ್ಗೆ ಕುಡಿದ ಚಹಾವನ್ನೆಲ್ಲ ಕಕ್ಕಿದಳು.

ಗ್ಯಾರೇಜಿಗೆ ಬಂದವನೇ ಕಾಂತೇಶ ಕಾರಿನ ಬಾಗಿಲನ್ನು ಧಡಾರನೆ ಬಡಿದ. "ಬಿಚ್ಚಲೇ ಭಾನ್ಯಾ! ಈಕಿ ಹ್ಯಾಂಗೂ ಬರಂಗಿಲ್ಲ. ಕೆಂಪು ಹಾಕು, ನಾನರ ರೇಸಿಗೆ ಹೋಗ್ತೀನಿ."

"ಈ ರೋಡಿನ್ಯಾಗ ಹಲ್ಲು ಉದುರ್ತಾವಲೇ."

"ನನ್ನ ಹಲ್ಲು, ನಿನಗೇನು?"

ಗುರಮ್ಮ ಮತ್ತೆ ಕುರ್ಚಿಯ ಮೇಲೆ ಕೂತಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕೆಂಪು ಸ್ಪ್ರಿಂಗು ಕೂತು ಕಾರು ಜಾಕಿನಿಂದ ಇಳಿಯುವವರೆಗೂ ಫೋನನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, "ಮನೀತನಕ ಬಿಡಪಾ, ನಡ್ಯಾಕ ಶಕ್ತಿ ಇಲ್ಲ" ಎಂದು ಹಿಂದಿನ ಸೀಟಿನಲ್ಲಿ ಕೂತಳು.

ಮನೆ ಅಮರಚಿಂತಕ್ಕೆ ಹೋಗುವ ರಸ್ತೆಯಲ್ಲಿತ್ತು, ಅಲಂಪುರಕ್ಕೂ ಅದೇ ದಾರಿ. ಸಿಟ್ಟಿನಲ್ಲಿ ಕಾಂತೇಶ ಮೊದಲ ಸ್ಪೀಡ್ ಬ್ರೇಕರಿಗೆ ವೇಗ ತಗ್ಗಿಸಲೇ ಇಲ್ಲ. ಧಡ್! ಅವನ ಸೊಂಟದಿಂದ ನೆತ್ತಿಯವರೆಗೆ ಏಟು ಬಿತ್ತು. ಹಿಂದಿನಿಂದ ಓಕರಿಕೆಯ ಸದ್ದಿಗೆ ಕಾದ. ಬರಲಿಲ್ಲ. ಮುಂದೆ ಗುಂಡಿ. ಧಡ್, ಧಡ್. ಕನ್ನಡಿಯಲ್ಲಿ ನೋಡಿದ. ಗುರಮ್ಮ ಸೆರಗಿನ ಗಂಟು ಬಿಚ್ಚಿ ಶೇಂಗಾ ತಿನ್ನುತ್ತಿದ್ದಳು.

ಕಾಂತೇಶನಿಗೆ ಸಿಟ್ಟು ಮರೆತುಹೋಯಿತು. ಬೇಕೆಂತಲೇ ಇನ್ನೊಂದು ಗುಂಡಿಗೆ ಇಳಿಸಿ ಕನ್ನಡಿ ನೋಡಿದ. ಸಿಪ್ಪೆ ಊದುತ್ತಿದ್ದಳು.

"ಯವ್ವಾ, ಮನಿ ಹಿಂದಾತು."

"ಕಣ್ಣದಾವ ನನಗ. ಹೊಡಿ."

ಅವನು ಗಾಡಿ ನಿಲ್ಲಿಸಿ ಇಳಿದ. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊದಲ ಸಲ ನೋಡುವವನಂತೆ ಕೆಂಪು ಸ್ಪ್ರಿಂಗನ್ನು ಬಗ್ಗಿ ಬಗ್ಗಿ ನೋಡಿದ. "ಇದು ಎಲುಬು ಮುರ್ಯಾ ಮಾಲ್ ಐತಬೇ. ನಿನಗ ಏನೂ ಆಗ್ವಲ್ದೇನು?"

ಗುರಮ್ಮ ಕಿಟಕಿಯಿಂದ ಇಣುಕಿದಳು. "ಆಗಿನ ನೀಲೀದು ತೊಟ್ಲ ತೂಗಿದಂಗ ತೂಗತಿತ್ತು. ಕುಣಿ ದಾಟಿದ್ರೂ ಅದರ ತೂಗಾಟ ಮುಗೀವಲ್ದು, ಹೊಟ್ಟಿ ಒಂದು ಕಡಿ, ನಾ ಒಂದು ಕಡಿ. ಬಸ್ಸೂ ಹಂಗ. ಇದು ನಮ್ಮಪ್ಪನ ಎತ್ತಿನ ಬಂಡಿ ಇದ್ದಂಗ ಐತಿ. ಒಂದು ಏಟು ಬಡದು ಸುಮ್ಮನಾಗ್ತೈತಿ. ನಿನ್ನಂಗ ದಿನ ಪೂರಾ ಒದರೂದಿಲ್ಲ."

ಕಾಂತೇಶ ಎದ್ದು ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ. ಫೋನು ಬಂತು, ಭಾನುಪ್ರಕಾಶ.

"ಕೆಂಪು ಪಕ್ಕಾ ಏನು? ಹೈದರಾಬಾದ್ ಬಸ್ಸಿಗೆ ಯಾವ್ದು ಹಾಕಲೋ?"

"ನೀಲಿ."

"ಹಂಗಾರ ರೇಸಿಗೆ ಹೊಂಟಿ ಅನ್ನು."

"ಅಲಂಪುರಕ್ಕ ಹೊಂಟೀನಿ."

ಕಾಂತೇಶ ಫೋನಿಟ್ಟು ಗಾಡಿ ಹತ್ತಿದ.

ಜೂರಾಲಾ ಅಣೆಕಟ್ಟಿನ ಮೇಲೆ ಮುಂದಿನ ಆಟೋದವರು ಕೃಷ್ಣೆಗೆ ನಾಣ್ಯ ಎಸೆದು ಕೈ ಮುಗಿಯುತ್ತಿದ್ದರು. ಗುರಮ್ಮನೂ ಕಿಟಕಿ ಇಳಿಸಿದಳು. ಸೆರಗು ತಡಕಿದಳು, ಸೀಟಿನ ಮೇಲೆ ತಡಕಿದಳು. ಕೊನೆಗೆ ನಿಂಬೆಹಣ್ಣನ್ನೇ ಎತ್ತಿ ನೀರಿನ ಕಡೆ ಬೀಸಿ ಒಗೆದಳು, ಕೈ ಮುಗಿದಳು.

"ಖೊಟ್ಟಿ ಹೊಟ್ಟಿ ಅಂತ ನೀ ಅಂದಿ," ಎಂದಳು ಹೊಳೆಯನ್ನೇ ನೋಡುತ್ತ. "ನಾನೂ ನಂಬಿ ಮನ್ಯಾಗ ಕುಂತ್ನೆಲ್ಲೋ."