ತೊಳೆದ ಮೇಲೆ ಇಳಿದ ಗೆರೆ

ಸಂಶೋಧಕಿ ಅಕ್ಷಿತಾ ಎರಡನೆಯ ಮದ್ದನ್ನೂ ಹನಿಸಿದಳು. ಸ್ನಾಯುವಿನ ಬಿಗಿತ ತೋರಿಸುವ ಪರದೆಯ ಮೇಲಿನ ಗೆರೆ ಇಳಿಯಲೇ ಇಲ್ಲ. ಗಾಜಿನ ಕೊಳವೆಯ ದ್ರವದೊಳಗೆ ನೇತಾಡುತ್ತಿದ್ದ ಆಡಿನ ಶ್ವಾಸನಾಳದ ತುಂಡು ಬಿಗಿದುಕೊಂಡೇ ಇತ್ತು. ಪರ್ಕಳದ ಆ ಔಷಧ ಪ್ರಯೋಗಾಲಯದ ನೆಲ ಒರೆಸುವ, ಶೌಚಾಲಯಕ್ಕೆ ಆ್ಯಸಿಡ್ ಹಾಕಿ ತಿಕ್ಕುವ ನಳಿನಾಕ್ಷಿ ಏದುಸಿರು ಬಿಡುತ್ತಾ ನಿಂತು ನೋಡಿದಳು. “ಇದಕ್ಕೂ ನನ್ನ ಹಾಗೆ ದಮ್ಮು ಉಂಟಾ, ಮೇಡಂ?”

“ಹಾಗೇ ಅಂತ ಇಟ್ಟುಕೊಳ್ಳಿ, ನಳಿನಾಕ್ಷಿಯಕ್ಕ. ಮೊದಲು ಹಾಕಿದ ರಾಸಾಯನಿಕ ಸ್ನಾಯುವಿಗೆ ‘ಬಿಗಿದುಕೋ’ ಎನ್ನುತ್ತದೆ. ಎರಡನೆಯದು ನೀವು ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪಿನ ಮದ್ದೇ, ‘ಸಡಿಲಾಗು’ ಎನ್ನುತ್ತದೆ. ಮೊದಲಿನದ್ದು ಜೋರಾದರೆ ಜೀವಕೋಶದೊಳಗೆ ಎರಡನೆಯದರ ಬಾಯಿ ಮುಚ್ಚಿಸುತ್ತದೆ.”

“ನಮ್ಮ ಸೂಪರ್‌ವೈಸರ್ ಹಾಗೆ!”

ಇಬ್ಬರೂ ನಕ್ಕರು. ಅಕ್ಷಿತಾ ಕೊಳವೆಯಲ್ಲಿದ್ದ ರಾಸಾಯನಿಕ ಬೆರೆತ ಹಳೆಯ ದ್ರವ ಬಸಿದು ಹೊಸದು ತುಂಬಿದಳು. ಗೆರೆ ಸರಸರನೆ ಇಳಿಯಿತು. ನಳಿನಾಕ್ಷಿಯ ನಗು ನಿಂತಿತು. “ಡಾಕ್ಟ್ರು ನನ್ನ ಪಂಪು ಮೂರು ಸಲ ಜಾಸ್ತಿ ಮಾಡಿದರು. ಆಡಿನ ತುಂಡಿಗಾದರೆ ನೀವು ಮೊದಲಿನದ್ದನ್ನೇ ತೊಳೆದು ತೆಗೆಯುತ್ತೀರಿ, ಅಲ್ವಾ?”

ಅಕ್ಷಿತಾ ನಳಿನಾಕ್ಷಿಯ ಬಕೆಟ್ಟಿನಲ್ಲಿದ್ದ ಆ್ಯಸಿಡ್ ಬಾಟಲಿಯತ್ತ ನೋಡಿದಳು. ಮೂರು ವರ್ಷಗಳಿಂದ, ಆ್ಯಸಿಡ್ಡಿನ ಘಾಟು ಬಂದಾಗಲೆಲ್ಲ ತಾನು ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಸೂಪರ್‌ವೈಸರ್ ಸರ್ವೋತ್ತಮ ಬಾಗಿಲಲ್ಲಿ ಇಣುಕಿದ. “ಎಂತ ಮಾರಾಯ್ತಿ, ಇಲ್ಲಿ ಪಾಠ ಕೇಳುವುದಾ? ಟಾಯ್ಲೆಟ್ ಯಾರು ತೊಳೆಯುವುದು?”

ನಳಿನಾಕ್ಷಿ ಬಕೆಟ್ಟಿನಿಂದ ಆ್ಯಸಿಡ್ ಬಾಟಲಿ ತೆಗೆದು ಅವನ ಕೈಗಿಟ್ಟಳು. “ನಾನೇ ತೊಳೆಯುತ್ತೇನೆ, ಸಾರ್. ಸೋಪು ಕೊಡಿ. ಇದನ್ನು ಇನ್ನು ಮುಟ್ಟುವುದಿಲ್ಲ.”

“ಹಾಗಾದರೆ ನಾಳೆಯಿಂದ ಬರಬೇಡ.”

ಅಕ್ಷಿತಾ ಎದ್ದಳು. ಸರ್ವೋತ್ತಮ ಪಕ್ಕಕ್ಕೆ ಸರಿದ, ಅವಳು ಎಂದಿನಂತೆ ಬಾಗಿಲು ಹಾಕಿಕೊಳ್ಳಲು ಬಂದಳೆಂದು. ಅವಳು ಬಾಗಿಲನ್ನು ಪೂರ್ತಿ ತೆರೆದು, ನಳಿನಾಕ್ಷಿಯ ಪಕ್ಕದಲ್ಲಿ ಬಂದು ನಿಂತಳು.