ಗೋದಲಿಯಲ್ಲಿ ಕರ್ಚಿಕಾಯಿ

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಕರ್ಚಿಕಾಯಿ ಕರಿಯುವ ವಾಸನೆ ಬಂದರೆ ಈಗಲೂ ನನಗೆ ತಿಕೋಟಾದ ಆ ಕ್ರಿಸ್‌ಮಸ್ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ ಇತ್ತು. ಹಬ್ಬದ ದಿನ ಅವ್ವ ಎಲ್ಲ ಮನೆಗಳಿಗೂ ನನ್ನ ಕೈಯಲ್ಲಿ ಕರ್ಚಿಕಾಯಿ ಕಳಿಸುತ್ತಿದ್ದಳು. ನಮ್ಮ ಕಡೆ ಯಾರೂ ತಾಟನ್ನು ಖಾಲಿ ಮರಳಿಸುವುದಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಎದುರುಮನೆಯ ಅಜ್ಜಿ ಮಾತ್ರ, "ಕಟ್ಟಿ ಮ್ಯಾಲ ಇಟ್ಟು ಹೋಗವಾ" ಎನ್ನುತ್ತಿದ್ದಳು. ಆ ಮನೆಯ ತಾಟು ಖಾಲಿಯೇ ಬರುತ್ತಿತ್ತು. ಅವಳ ಮೊಮ್ಮಗಳು ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು, ಓಣಿಯಲ್ಲಿ ಮಾತಾಡುತ್ತಿರಲಿಲ್ಲ.

ಆ ಮಧ್ಯಾಹ್ನ ತಾಟು ತರಲು ಹೋದಾಗ, ಅವರ ಎಮ್ಮೆಯ ಗೋದಲಿಯಲ್ಲಿ, ಮೇವಿನ ಮೇಲೆ, ನಾನೇ ಅಂಚು ಮಡಚಿದ್ದ ಕರ್ಚಿಕಾಯಿಗಳು ಬಿದ್ದಿದ್ದವು. ಓಡಿ ಬಂದು ಅವ್ವನಿಗೆ ಹೇಳಿದೆ.

"ಗೊತ್ತೈತಿ," ಎಂದಳು ಅವ್ವ. "ಎಮ್ಮಿಗೂ ಹಬ್ಬ ಆಗ್ಲಿ ಬಿಡು."

"ಗೊತ್ತಿದ್ದೂ ಯಾಕ ಕೊಡ್ತೀ ಬೇ? ಇನ್ನ ಮ್ಯಾಲ ನಾ ಒಯ್ಯಂಗಿಲ್ಲ."

"ಕೊಡ್ರಿ ಅಂತ ಯೇಸಪ್ಪ ಹೇಳ್ಯಾನ. ತಿಂದ್ರೋ ಇಲ್ಲೋ ನೋಡ್ಕೊಂಡ ಬರ್ರಿ ಅಂತ ಹೇಳಿಲ್ಲ."

ಹಾಗೆಂದವಳು ನನ್ನ ಕೈಯಿಂದ ತಾಟು ತೆಗೆದುಕೊಂಡು ಬಹಳ ಹೊತ್ತು ಸೆರಗಿನಿಂದ ಒರೆಸಿದಳು. ಅದು ಒಣಗಿಯೇ ಇತ್ತು.

ಮರುವರ್ಷವೂ ನಾನೇ ಒಯ್ದೆ. ಬಾಗಿಲ ಮರೆಯಲ್ಲಿ ಆ ಹುಡುಗಿ ನಿಂತಿದ್ದಳು. ತಾಟನ್ನು ಕಟ್ಟೆಯ ಮೇಲಿಟ್ಟು, ಗೋದಲಿಯ ಕಡೆ ನೋಡದೆ ಮನೆಗೆ ಬಂದೆ.